ಹಿತ್ತಲಿನ ಚಪ್ಪಡಿ ಎತ್ತಿ, ಸೊಪ್ಪಿನ ಮಡಿ ಮಾಡಿ

ಹೈನುಗಾರ ಅಕ್ಕತಂಗಿಯರೇ,

ಬೆಳಗಿನ ಹಾಲು ಕರೆದು, ಡೈರಿಗೆ ಹಾಕಿ ಬಂದು, ಕೊಟ್ಟಿಗೆ ತೊಳೆದ ಮೇಲೆ ಹಿತ್ತಲ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ. ಬಂಗಾರಪೇಟೆ, ಕಾಮಸಮುದ್ರ, ಬೂದಿಕೋಟೆ, ಬೇತಮಂಗಲ ಕಡೆಯ ಎಷ್ಟೋ ಮನೆಗಳ ಹಿಂದೆ ಚಪ್ಪಡಿ ಕಲ್ಲು ಹಾಸಿದ ಜಾಗ ಇದೆ. ಹಿಂದಿನವರು ಅಲ್ಲಿ ಎತ್ತು, ನಾಟಿ ಹಸು ಕಟ್ಟುತ್ತಿದ್ದರು, ರಾಗಿ ಒಣಗಿಸುತ್ತಿದ್ದರು. ಈಗ ಸೀಮೆಹಸುವಿಗೆ ಬೇರೆ ಕೊಟ್ಟಿಗೆ, ಸಿಮೆಂಟ್ ನೆಲ, ರಬ್ಬರ್ ಮ್ಯಾಟು ಬಂದಿವೆ. ಹಳೆಯ ಚಪ್ಪಡಿ ಜಾಗದಲ್ಲಿ ಮುರಿದ ಬಾನಿ, ತುಕ್ಕು ಹಿಡಿದ ತಗಡು, ಸೌದೆ ಬಿದ್ದಿವೆ. ಕೆ.ಜಿ.ಎಫ್.ನಲ್ಲಿ ಗಣಿ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆಗಳ ಹಿಂದೆಯೂ ಕಲ್ಲು ಅಥವಾ ಸಿಮೆಂಟ್ ಹಾಕಿದ ಪುಟ್ಟ ಅಂಗಳಗಳಿವೆ.

ಆ ಜಾಗವನ್ನು ತೋಟ ಮಾಡುವುದು ಹೇಗೆ ಎಂಬುದೇ ಈ ಪಾಠ. ಕಲ್ಲು ಕೀಳುವ ಮೊದಲು ಒಂದು ಲೆಕ್ಕ ಹಾಕೋಣ. ತೋಟ ಯಾರಿಗಾಗಿ ಎಂಬುದು ಆ ಲೆಕ್ಕದಲ್ಲಿ ತಿಳಿಯುತ್ತದೆ.

1. ಹುಲ್ಲೋ, ಸೊಪ್ಪೋ?

ಹಸು ಸಾಕಿದ ನಮಗೆ ಖಾಲಿ ಜಾಗ ಕಂಡರೆ ಮೊದಲು ನೆನಪಾಗುವುದು ಮೇವು. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಮೂರು ಮಡಿ ಮಾಡಿದಿರಿ ಎಂದುಕೊಳ್ಳಿ. ಒಟ್ಟು 90 ಚದರ ಅಡಿ. ಅಲ್ಲಿ ನೇಪಿಯರ್ ಹುಲ್ಲು ಹಾಕಿ, ನೀರು ಗೊಬ್ಬರ ಚೆನ್ನಾಗಿ ಕೊಟ್ಟು, 45 ದಿನಕ್ಕೊಮ್ಮೆ ಕೊಯ್ದರೂ ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಒಂದು ಕೆ.ಜಿ. ದಾಟುವುದು ಕಷ್ಟ. ಹಾಲು ಕೊಡುವ ಒಂದು ಸೀಮೆಹಸುವಿಗೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿ ಮೇವು ಬೇಕು. ಅಂದರೆ ಹಿತ್ತಲಿನ ಹುಲ್ಲು ಹಸುವಿಗೆ ಒಂದು ಬಾಯಿ ಮಾತ್ರ.

ಅದೇ ಮೂರು ಮಡಿಯಲ್ಲಿ ದಂಟಿನ ಸೊಪ್ಪು ಬೆಳೆದರೆ, ಚೆನ್ನಾಗಿ ನೋಡಿಕೊಂಡಾಗ ಸರಾಸರಿ ದಿನಕ್ಕೆ ಕಾಲು ಕೆ.ಜಿ.ಯ ಹತ್ತಿರ ಸೊಪ್ಪು ಸಿಗುತ್ತದೆ. ವಯಸ್ಸಿಗೆ ಬಂದ ಹೆಣ್ಣುಮಗಳೊಬ್ಬಳು ದಿನಕ್ಕೆ 100 ಗ್ರಾಂ ಸೊಪ್ಪು ತಿನ್ನಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಅಂದರೆ ಅತ್ತೆ, ಸೊಸೆ ಇಬ್ಬರಿಗೂ ದಿನವೂ ಬೇಕಾಗುವಷ್ಟು ಸೊಪ್ಪು ಆ ಜಾಗದಲ್ಲೇ ಬಂತು.

ಹಸುವಿಗೆ ಸಾಲದ ಜಾಗ ನಿಮಗೆ ಸಾಕಾಗುತ್ತದೆ. ಆದ್ದರಿಂದ ಹಿತ್ತಲಿನ ಮಡಿಯ ಮೊದಲ ಪಾಲು ನಿಮ್ಮದೇ ಆಗಿರಲಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ ರಕ್ತಹೀನತೆ ಇದೆ. ಹಸುವಿಗೆ ಹಿಂಡಿ, ಬೂಸ, ಖನಿಜ ಮಿಶ್ರಣ ತೂಕ ಹಾಕಿ ಕೊಡುವ ಕೈ, ತನ್ನ ತಟ್ಟೆಗೆ ಮುದ್ದೆ ಮತ್ತು ತಿಳಿಸಾರು ಹಾಕಿಕೊಂಡು ಎದ್ದುಬಿಡುತ್ತದೆ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಎದುಸಿರು ಬಂದರೆ ಕೆಲಸ ಜಾಸ್ತಿಯಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ರಕ್ತ ಕಡಿಮೆಯಾದ ಲಕ್ಷಣ.

2. ಯಾವ ಕಲ್ಲು ಎತ್ತಬೇಕು, ಯಾವುದನ್ನು ಬಿಡಬೇಕು

ಇಡೀ ಹಿತ್ತಲಿನ ಕಲ್ಲು ಕೀಳಬೇಡಿ. ಈ ನಾಲ್ಕು ಕಡೆ ಕಲ್ಲು ಹಾಗೇ ಇರಲಿ:

• ಮನೆ ಗೋಡೆಯಿಂದ ಮೂರು ಅಡಿವರೆಗೆ. ಅಲ್ಲಿ ಮಣ್ಣು ಮಾಡಿ ನೀರು ಹಾಕಿದರೆ ಪಾಯಕ್ಕೆ ತೇವ ಇಳಿಯುತ್ತದೆ.
• ಕೊಟ್ಟಿಗೆಗೆ ಹೋಗಿಬರುವ ದಾರಿ. ಮಳೆಗಾಲದಲ್ಲಿ ಕೆಸರಿನಲ್ಲಿ ಹಾಲಿನ ಬಕೆಟ್ ಹಿಡಿದು ಜಾರಬಾರದು.
• ಬಟ್ಟೆ ಒಗೆಯುವ ಕಲ್ಲಿನ ಸುತ್ತ.
• ಮೋರಿಯ ಮೇಲೆ ಮುಚ್ಚಿದ ಕಲ್ಲು.

ಉಳಿದದ್ದರಲ್ಲಿ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿಕೊಳ್ಳಿ. ಮೊದಲ ವರ್ಷ ಒಂದೇ ಮಡಿ ಸಾಕು. ಕಲ್ಲು ಮೂರು ಅಡಿಗೆ ಎರಡು ಅಡಿ ಇದ್ದರೆ, ಮೂರು ಅಡಿ ಅಗಲ ಹತ್ತು ಅಡಿ ಉದ್ದದ ಮಡಿಗೆ ಐದೇ ಕಲ್ಲು ಎತ್ತಿದರಾಯಿತು. ಅಗಲ ಮೂರು ಅಡಿಗಿಂತ ಹೆಚ್ಚು ಬೇಡ. ಎರಡೂ ಕಡೆಯ ಕಲ್ಲಿನ ಮೇಲೆ ಕುಳಿತೇ ಕಳೆ ಕೀಳಬಹುದು, ಮಡಿಯೊಳಗೆ ಕಾಲಿಡಬೇಕಾಗಿಲ್ಲ. ತುಳಿಯದ ಮಣ್ಣು ಹದವಾಗಿ ಉಳಿಯುತ್ತದೆ.

ಎತ್ತಿದ ಕಲ್ಲನ್ನು ಬಿಸಾಡಬೇಡಿ. ನಮ್ಮ ಹೊಲಗಳ ಬೇಲಿಗೆ ಕಲ್ಲು ನೆಡುವ ಹಾಗೆ ಮಡಿಯ ಅಂಚಿಗೆ ಒರಗಿಸಿ ನೆಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಕೋಳಿ ಕೆರೆಯುವುದೂ ಕಡಿಮೆ.

ಹಿತ್ತಲಿಗೆ ಚಪ್ಪಡಿಯ ಬದಲು ಸಿಮೆಂಟ್ ಹಾಕಿದ್ದರೆ, ಅಥವಾ ನೀವಿರುವ ಲೈನ್ ಮನೆ ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲದಿದ್ದರೆ, ನೆಲ ಒಡೆಯುವ ಗೋಜಿಗೆ ಹೋಗಬೇಡಿ. ನೆಲದ ಮೇಲೆಯೇ ಇಟ್ಟಿಗೆ ಜೋಡಿಸಿ ಒಂದು ಅಡಿ ಎತ್ತರದ ಮಡಿ ಕಟ್ಟಿ, ತಳದಲ್ಲಿ ಜಲ್ಲಿ ಹಾಕಿ, ನೀರು ಹರಿದುಹೋಗಲು ಅಂಚಿನಲ್ಲಿ ಸಂದು ಬಿಡಿ. ಸೊಪ್ಪಿಗೆ ಒಂದು ಅಡಿ ಮಣ್ಣು ಸಾಕು. ಒಡೆದ ಸಿಮೆಂಟ್ ಚೂರು, ಗಾರೆ ಮಣ್ಣಿಗೆ ಸೇರದ ಹಾಗೆ ನೋಡಿಕೊಳ್ಳಿ; ಅದರ ಸುಣ್ಣದಿಂದ ಎಲೆ ಹಳದಿಯಾಗುತ್ತದೆ.

3. ಕಲ್ಲು ಎತ್ತುವಾಗ

ಮೂರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಂಗುಲ ದಪ್ಪದ ಚಪ್ಪಡಿ ನೂರು ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಒಬ್ಬರೇ ಕೈ ಹಾಕಬೇಡಿ. ಸೊಂಟ ಹಿಡಿದುಕೊಂಡರೆ ನಾಳೆ ಬೆಳಗ್ಗೆ ಹಸು ಕರೆಯುವವರು ಯಾರು? ಹಾರೆ ಇರುವ ಇಬ್ಬರು ಆಳುಗಳನ್ನು ಅರ್ಧ ದಿನಕ್ಕೆ ಕರೆಯಿರಿ. ಒಂದು ಅಂಚನ್ನು ಹಾರೆಯಿಂದ ಮೀಟಿ, ಸಂದಿಗೆ ಕಲ್ಲು ಕೊಟ್ಟು, ಅಡಿಗೆ ಎರಡು ಪೈಪು ತೂರಿಸಿದರೆ ಕಲ್ಲು ಉರುಳುತ್ತಾ ಬರುತ್ತದೆ.

ಚಪ್ಪಡಿಯ ಕೆಳಗಿನ ತಂಪಿನಲ್ಲಿ ಚೇಳು, ಹಾವು, ಇಲಿ ಇರಬಹುದು. ಕಲ್ಲನ್ನು ನಿಮ್ಮ ಕಡೆಗೆ ಎತ್ತಿ, ತೆರೆದ ಬಾಯಿ ಆಚೆ ಕಡೆಗೆ ಇರಲಿ. ಒಳಗಿದ್ದದ್ದು ಆ ಕಡೆ ಹೋಗಲಿ. ಸಂದಿಗೆ ಬೆರಳು ಹಾಕಬೇಡಿ. ಕಾಲಿಗೆ ಶೂ ಇರಲಿ. ಹಾವು ಕಚ್ಚಿದರೆ ನಾಟಿ ಮದ್ದು, ಮಂತ್ರ ಎಂದು ಹೊತ್ತು ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ದನ ಕಟ್ಟಿದ ನೆಲದಲ್ಲಿ ಧನುರ್ವಾಯುವಿನ ಸೂಕ್ಷ್ಮಾಣು ಇರುತ್ತದೆ. ಹಳೆ ಮೊಳೆ, ತಗಡು ಚುಚ್ಚಿದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ, ಅದೇ ದಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಳ್ಳಿ. ಹಿತ್ತಲಲ್ಲಿ ಹಳೆಯ ಕಲ್ನಾರಿನ ಸಿಮೆಂಟ್ ಶೀಟು ಬಿದ್ದಿದ್ದರೆ ಅದನ್ನು ಒಡೆಯಬೇಡಿ, ಉಜ್ಜಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಇಡಿಯಾಗಿ ಬದಿಗೆ ಸರಿಸಿ.

4. ಕಲ್ಲಿನ ಕೆಳಗಿನ ಮಣ್ಣಿಗೆ ಮೂರು ಪರೀಕ್ಷೆ

ನಲವತ್ತು ಐವತ್ತು ವರ್ಷ ಕಲ್ಲಿನ ಕೆಳಗೆ ಕುಳಿತ ಮಣ್ಣು ಗಾಳಿಯಿಲ್ಲದೆ ಗಟ್ಟಿಯಾಗಿರುತ್ತದೆ. ಎರೆಹುಳು ಇರುವುದಿಲ್ಲ. ಅದರ ಸ್ಥಿತಿ ತಿಳಿಯಲು ದುಡ್ಡಿಲ್ಲದೆ ಮಾಡಬಹುದಾದ ಮೂರು ಪರೀಕ್ಷೆಗಳಿವೆ.

ಗುಂಡಿ ಪರೀಕ್ಷೆ: ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಸಂಜೆ ಹಾಲು ಕರೆಯುವಾಗ ತುಂಬಿಸಿದ ನೀರು ಬೆಳಗಿನ ಹಾಲಿನ ಹೊತ್ತಿಗೂ ನಿಂತೇ ಇದ್ದರೆ ನೀರು ಬಸಿಯುತ್ತಿಲ್ಲ ಎಂದರ್ಥ. ಆಗ ಇನ್ನೂ ಆಳಕ್ಕೆ ಸಡಿಲಿಸಬೇಕು, ಇಲ್ಲವೇ ಮಡಿಯನ್ನು ಎತ್ತರಿಸಬೇಕು.

ಉಪ್ಪಿನ ಪರೀಕ್ಷೆ: ಅಗೆದ ಮಣ್ಣು ಒಣಗಿದಾಗ ಮೇಲೆ ಬಿಳಿ ಪೊರೆ ಕಂಡರೆ ಉಪ್ಪು ಜಾಸ್ತಿ ಇದೆ. ದನ ಕಟ್ಟಿದ ಜಾಗದಲ್ಲಿ ವರ್ಷಗಟ್ಟಲೆ ಗಂಜಲ ಕಲ್ಲಿನ ಸಂದಿಯಲ್ಲಿ ಇಳಿದಿರುತ್ತದೆ. ಅದರಲ್ಲಿರುವ ಸಾರಜನಕ, ಪೊಟ್ಯಾಷ್ ಗಿಡಕ್ಕೆ ಆಹಾರವೇ. ಅತಿಯಾದರೆ ಮಾತ್ರ ಬೇರು ಸುಡುತ್ತದೆ.

ಕಾಳಿನ ಪರೀಕ್ಷೆ: ಎರಡು ತೆಂಗಿನ ಚಿಪ್ಪು ತೆಗೆದುಕೊಂಡು ಒಂದಕ್ಕೆ ಈ ಮಣ್ಣು, ಇನ್ನೊಂದಕ್ಕೆ ಹೊಲದ ಮಣ್ಣು ತುಂಬಿ. ತಳದಲ್ಲಿ ತೂತು ಇರಲಿ. ಎರಡಕ್ಕೂ ಹತ್ತು ಹತ್ತು ಅಲಸಂದೆ ಕಾಳು ಹಾಕಿ ಒಂದೇ ರೀತಿ ನೀರು ಕೊಡಿ. ವಾರದಲ್ಲಿ ಎರಡರಲ್ಲೂ ಒಂದೇ ಸಮ ಮೊಳೆತರೆ ಚಿಂತೆಯಿಲ್ಲ. ಹಿತ್ತಲಿನ ಮಣ್ಣಿನಲ್ಲಿ ಅರ್ಧವೂ ಏಳದಿದ್ದರೆ ಒಂದು ಮಳೆಗಾಲ ಅದನ್ನು ತೊಳೆಯಬೇಕು.

ತೊಳೆಯುವುದು ಎಂದರೆ ಸಡಿಲಿಸಿದ ಮಣ್ಣಿನ ಮೇಲೆ ಮಳೆ ಬೀಳಲು ಬಿಟ್ಟು, ಉಪ್ಪು ನೀರಿನೊಂದಿಗೆ ಕೆಳಕ್ಕೆ ಇಳಿಯುವಂತೆ ಮಾಡುವುದು. ನಮ್ಮ ಬೋರ್‌ವೆಲ್ ನೀರು ಆಳದ ಗಡಸು ನೀರು, ಈ ಕೆಲಸಕ್ಕೆ ಮಳೆ ನೀರೇ ಮೇಲು. ಖಚಿತ ಉತ್ತರ ಬೇಕಿದ್ದರೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ.

5. ಮಣ್ಣಿಗೆ ಜೀವ ತುಂಬುವುದು

ಬರೀ ಅಂಗಳವಾಗಿದ್ದ ಜಾಗಕ್ಕೂ ಹಳೆ ಕೊಟ್ಟಿಗೆಯ ನೆಲಕ್ಕೂ ಒಂದೇ ಮದ್ದಲ್ಲ. ಎರಡನ್ನೂ ಬೇರೆ ಬೇರೆ ನೋಡೋಣ.

ಬರೀ ಅಂಗಳವಾಗಿದ್ದರೆ: ಗುದ್ದಲಿಯಿಂದ ಒಂದು ಅಡಿ ಆಳ ಸಡಿಲಿಸಿ. ಮೂವತ್ತು ಚದರ ಅಡಿಯ ಒಂದು ಮಡಿಗೆ ಒಂದೂವರೆ ಎರಡು ಮಂಕರಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಮೊದಲ ಮಳೆಗೆ ಸೆಣಬು ಅಥವಾ ಅಲಸಂದೆಯನ್ನು ಒತ್ತಾಗಿ ಚೆಲ್ಲಿ. 45 ದಿನಕ್ಕೆ, ಹೂ ಬರುವ ಹೊತ್ತಿನಲ್ಲಿ ಗಿಡವನ್ನು ಕೊಚ್ಚಿ ಅಲ್ಲೇ ಮಣ್ಣಿಗೆ ಸೇರಿಸಿ. ಹದಿನೈದು ದಿನ ಕೊಳೆಯಲು ಬಿಟ್ಟು ಆಮೇಲೆ ಸೊಪ್ಪು ಬಿತ್ತಿ.

ಹಳೆ ಕೊಟ್ಟಿಗೆಯ ನೆಲವಾಗಿದ್ದರೆ: ಮೊದಲ ವರ್ಷ ಗೊಬ್ಬರ ಹಾಕಲೇಬೇಡಿ. ಹೊಟ್ಟೆ ತುಂಬಿದವರಿಗೆ ಮತ್ತೆ ಬಡಿಸಿದ ಹಾಗಾಗುತ್ತದೆ. ಮೊದಲ ಬೆಳೆಯಾಗಿ ಸೊಪ್ಪನ್ನೂ ಹಾಕಬೇಡಿ. ಸಾರಜನಕ ಅತಿಯಾದ ಮಣ್ಣಿನಲ್ಲಿ ದಂಟು, ಪಾಲಕ್ ಮುಂತಾದವು ಎಲೆಯಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತವೆ. ಕಾಯಿಯಲ್ಲಿ ಅದು ಅಷ್ಟು ಸೇರುವುದಿಲ್ಲ. ಆದ್ದರಿಂದ ಮೊದಲ ವರ್ಷ ಕುಂಬಳ, ಹೀರೆ, ಪಡವಲ ಹಾಕಿ, ಬಳ್ಳಿಯನ್ನು ಕೊಟ್ಟಿಗೆಯ ಮಾಡಿಗೆ ಹಬ್ಬಿಸಿ. ಎರಡನೆಯ ವರ್ಷದಿಂದ ಸೊಪ್ಪು.

ಗೊಬ್ಬರ ಕಳಿತಿದೆಯೇ ಎಂದು ನೋಡುವುದು ಹೀಗೆ: ಹಿಡಿ ಗೊಬ್ಬರ ಕೈಗೆ ತೆಗೆದುಕೊಂಡರೆ ಸಗಣಿ ವಾಸನೆ ಇರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಬಿಸಿ ಇರಬಾರದು. ಹಿಡಿ ಬಿಟ್ಟರೆ ಉದುರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು, ಗೆದ್ದಲು ಬರುತ್ತವೆ. ಒಂದು ಸೀಮೆಹಸು ದಿನಕ್ಕೆ 15ರಿಂದ 20 ಕೆ.ಜಿ. ಸಗಣಿ ಹಾಕುತ್ತದೆ, ಆದ್ದರಿಂದ ಮೂರು ಮಡಿಗೆ ಬೇಕಾದ ಗೊಬ್ಬರ ನಿಮ್ಮ ತಿಪ್ಪೆಯಲ್ಲೇ ಇದೆ. ಗೋಬರ್ ಗ್ಯಾಸ್ ಇದ್ದರೆ ಅದರ ಬಗ್ಗಡವನ್ನು ಒಣಗಿಸಿ ಹಾಕಬಹುದು.

ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು ಇವನ್ನು ಮಡಿಯಲ್ಲಾಗಲಿ ತಿಪ್ಪೆಯಲ್ಲಾಗಲಿ ಹೂಳಬೇಡಿ. ಕಂದು ರೋಗ ಮನುಷ್ಯರಿಗೂ ಹರಡುತ್ತದೆ. ಅವನ್ನು ಬರಿಗೈಯಲ್ಲಿ ಮುಟ್ಟದೆ, ಮನೆ ಮತ್ತು ಬಾವಿಯಿಂದ ದೂರ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ.

6. ಎಲ್ಲಿಯ ಮಣ್ಣು ತರಬಾರದು

ಇದು ಕೆ.ಜಿ.ಎಫ್. ಸುತ್ತಲಿನ ಅಕ್ಕಂದಿರು ಎರಡು ಸಲ ಓದಬೇಕಾದ ಭಾಗ.

ಮಡಿ ಎತ್ತರಿಸಲು ಮಣ್ಣು ಬೇಕು ಎಂದಾಗ ಹತ್ತಿರದಲ್ಲಿ ನುಣ್ಣಗೆ ಬಿಟ್ಟಿಯಾಗಿ ಕಾಣುವುದು ಸೈನೈಡ್ ಗುಡ್ಡದ ಪುಡಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಕ್ಕೂ ಮೊದಲು ನೂರಿಪ್ಪತ್ತು ವರ್ಷ ಬಂಡೆಯನ್ನು ಮೇಲೆ ತಂದು, ಹಿಟ್ಟಿನ ಹಾಗೆ ಅರೆದು ಚಿನ್ನ ತೆಗೆದರು. ಚಿನ್ನವನ್ನು ಕರಗಿಸಿ ತೆಗೆಯಲು ಬಳಸಿದ್ದು ಸೈನೈಡ್ ದ್ರಾವಣ. ಉಳಿದ ಪುಡಿಯೇ ಊರ ಸುತ್ತ ಗುಡ್ಡವಾಗಿ ನಿಂತಿದೆ. ಅದರ ತೂಕ ಮೂರು ಕೋಟಿ ಟನ್ನಿಗೂ ಹೆಚ್ಚು.

ಇಷ್ಟು ವರ್ಷವಾದ ಮೇಲೆ ಸೈನೈಡ್ ಎಲ್ಲಿರುತ್ತದೆ ಎಂದು ಕೆಲವರು ಕೇಳುತ್ತಾರೆ. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ, ನಿಜ. ಆದರೆ ಬಂಡೆಯ ಒಳಗಿಂದ ಬಂದ ಭಾರಲೋಹಗಳು ಒಡೆಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಸೊಪ್ಪಿನ ಗಿಡಗಳು ಮಣ್ಣಿನಲ್ಲಿರುವ ಲೋಹವನ್ನು ಎಲೆಗೆ ಸೆಳೆದುಕೊಳ್ಳುತ್ತವೆ. ಆ ಎಲೆ ಮಕ್ಕಳ ತಟ್ಟೆಗೂ ಹಸುವಿನ ಗೋದಲಿಗೂ ಹೋಗುತ್ತದೆ. ಜೊತೆಗೆ ಆ ಪುಡಿಯಲ್ಲಿ ಗಿಡಕ್ಕೆ ಬೇಕಾದ ಸತ್ವವೂ ಇಲ್ಲ.

ಆದ್ದರಿಂದ:

• ಗುಡ್ಡದ ಪುಡಿಯನ್ನು ಮಡಿಗೆ, ಕುಂಡಕ್ಕೆ, ಕೊಟ್ಟಿಗೆಯ ನೆಲಕ್ಕೆ ಹಾಕಬೇಡಿ.
• ಹಿಂದೆ ಯಾರಾದರೂ ಕಲ್ಲಿನ ಕೆಳಗೆ ಆ ಪುಡಿಯನ್ನೇ ತುಂಬಿ ಚಪ್ಪಡಿ ಹಾಸಿರಬಹುದು. ಕಲ್ಲು ಎತ್ತಿದಾಗ ಕೆಂಪು ಮಣ್ಣಿನ ಬದಲು ಬೂದು ಬಣ್ಣದ ನುಣುಪು ಪುಡಿ ಕಂಡರೆ ಕಲ್ಲನ್ನು ವಾಪಸು ಮುಚ್ಚಿಬಿಡಿ. ಆ ಜಾಗದಲ್ಲಿ ಕಲ್ಲಿನ ಮೇಲೆ ಇಟ್ಟಿಗೆ ಮಡಿ ಕಟ್ಟಿ ಹೊಲದ ಮಣ್ಣು ತುಂಬಿ.
• ಗುಡ್ಡದ ಹತ್ತಿರ ಇರುವವರು ಗಾಳಿ ಬರುವ ಕಡೆಗೆ ದಾಸವಾಳದ ಒತ್ತು ಬೇಲಿ ಬೆಳೆಸಿ. ಗಾಳಿಯ ತಿಂಗಳುಗಳಲ್ಲಿ ಸೊಪ್ಪನ್ನು ಮೂರು ನೀರಿನಲ್ಲಿ ಜಾಲಿಸಿ ತೊಳೆಯಿರಿ.

ಕೆರೆ ಗೋಡಿನ ಬಗ್ಗೆಯೂ ಒಂದು ಮಾತು. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು, ಅದು ಒಳ್ಳೆಯ ಪದ್ಧತಿ. ಆದರೆ 2018ರಿಂದ ಜಿಲ್ಲೆಯ ಹಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಅಂಥ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಸೊಪ್ಪಿನ ಮಡಿಗೆ ಹಾಕಬೇಡಿ. ನಿಮ್ಮದೇ ಹೊಲದ ಬದುವಿನ ಕೆಂಪು ಮಣ್ಣು ಮತ್ತು ನಿಮ್ಮದೇ ತಿಪ್ಪೆಯ ಗೊಬ್ಬರ ಎಲ್ಲಕ್ಕಿಂತ ನಂಬಿಕೆಯದು.

7. ಏನು ಬಿತ್ತಬೇಕು

ಮೂರು ಮಡಿಗೂ ಒಂದೇ ದಿನ ಬಿತ್ತಿದರೆ ಒಂದು ವಾರ ಹೊರೆ, ಆಮೇಲೆ ಬರಿದು. ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿ.

ಮೊದಲ ಮಡಿ, ದಂಟು: ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತಳಿಯನ್ನು ಬುಡಸಮೇತ ಕೀಳುವ ಬದಲು ಮತ್ತೆ ಮತ್ತೆ ಕೊಯ್ಯಬಹುದು. ಬಿತ್ತಿದ 25–30 ದಿನಕ್ಕೆ ಮೊದಲ ಕೊಯ್ಲು, ಮೂರು ತಿಂಗಳಲ್ಲಿ ಐದಾರು ಕೊಯ್ಲು. ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಿಟಿಕೆಯನ್ನು ಹಿಡಿ ಮರಳಿನೊಂದಿಗೆ ಬೆರೆಸಿ ಗೆರೆಯಲ್ಲಿ ಉದುರಿಸಿ.

ಎರಡನೆಯ ಮಡಿ, ಬೆರಕೆ ಸೊಪ್ಪು: ಮೆಂತ್ಯ, ಸಬ್ಬಸಿಗೆ, ಚಕ್ಕೋತ, ಪಾಲಕ್, ಅಂಚಿಗೆ ಹೊನಗೊನೆ. ತಿಪ್ಪೆ ಗೊಬ್ಬರ ಹಾಕಿದ ಮಡಿಯಲ್ಲಿ ಗಣಿಕೆ ಸೊಪ್ಪು, ಅಣ್ಣೆ ಸೊಪ್ಪು ತಾವಾಗಿಯೇ ಹುಟ್ಟುತ್ತವೆ. ಅವನ್ನು ಕಳೆ ಎಂದು ಕಿತ್ತೆಸೆಯಬೇಡಿ. ನಮ್ಮ ಮಸ್ಸೊಪ್ಪಿಗೆ, ಬಸ್ಸಾರಿಗೆ ರುಚಿ ಕೊಡುವವು ಅವೇ.

ಮೂರನೆಯ ಮಡಿ, ಕಾಯಿ: ಅಲಸಂದೆ, ಬೆಂಡೆ, ಎರಡು ಬದನೆ, ನಾಲ್ಕು ಮೆಣಸಿನ ಗಿಡ. ಮುಂದಿನ ಸಲ ಮಡಿಗಳನ್ನು ಅದಲು ಬದಲು ಮಾಡಿ.

ಮೂಲೆಗೆ ಒಂದು ನುಗ್ಗೆ: ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ಅಥವಾ ಪಿ.ಕೆ.ಎಂ.-1 ತಳಿ ಆಗಬಹುದು. ಗಿಡ ಮೂರು ಅಡಿ ಬಂದಾಗ ತುದಿ ಚಿವುಟಿ, ಕೈಗೆ ಎಟಕುವಷ್ಟೇ ಎತ್ತರ ಇಡಿ. ಕೊಂಬೆ ಬಲು ಪೆಳಸು, ಗಾಳಿಗೆ ಮುರಿಯುತ್ತದೆ. ಮಾಡಿನಿಂದ ದೂರ ನೆಡಿ.

8. ನೀರು ಎಲ್ಲಿಂದ?

ಸಾವಿರ ಅಡಿ ಕೊರೆದ ಬೋರಿನ ನೀರನ್ನು ಹೊಸದಾಗಿ ತೋಟಕ್ಕೆ ಹರಿಸಿ ಎಂದು ಹೇಳುತ್ತಿಲ್ಲ. ಮನೆಯಲ್ಲಿ ಈಗಾಗಲೇ ಹರಿದುಹೋಗುವ ನೀರನ್ನು ತಿರುಗಿಸಿದರೆ ಸಾಕು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮತ್ತು ಹಸುವಿನ ಬಾನಿಯಲ್ಲಿ ಉಳಿದ ನೀರನ್ನು ನೇರವಾಗಿ ಸೊಪ್ಪಿಗೆ ಹಾಕಬಹುದು. ಕೊಟ್ಟಿಗೆ ತೊಳೆದ ನೀರನ್ನು ಸಣ್ಣ ಗುಂಡಿಯಲ್ಲಿ ನಿಲ್ಲಿಸಿ, ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಮಾತ್ರ ಹಾಕಿ. ಎಲೆಯ ಮೇಲೆ ಬೀಳಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಇದು ಬೇಡವೇ ಬೇಡ. ಸ್ನಾನದ ಸೋಪು ನೀರು ಮೋರಿಯ ಕೊನೆಯಲ್ಲಿ ನೆಟ್ಟ ಬಾಳೆಗೆ ಹೋಗಲಿ. ಹಾಲಿನ ಕ್ಯಾನನ್ನು ಪುಡಿ ಹಾಕಿ ತೊಳೆದ ನೀರು, ಉಣ್ಣೆಗೆ ಹೊಡೆದ ಔಷಧಿಯ ಉಳಿಕೆ ಮಡಿಯ ಹತ್ತಿರವೂ ಬರಬಾರದು.

ಮಳೆಗಾಲದಲ್ಲಿ ಮಾಡಿನ ನೀರನ್ನೂ ಹಿಡಿಯಬಹುದು. ನಮ್ಮ ಕಡೆ ವರ್ಷಕ್ಕೆ ಸರಾಸರಿ 700 ಮಿ.ಮೀ. ಆಸುಪಾಸು ಮಳೆ. ನೂರು ಚದರ ಅಡಿ ಮಾಡಿನ ಮೇಲೆ ಬೀಳುವ ನೀರು ಆರು ಸಾವಿರ ಲೀಟರ್ ದಾಟುತ್ತದೆ. ಒಂದು ಡ್ರಮ್ಮು ಇಟ್ಟರೂ ಮಳೆ ಬಿಟ್ಟ ದಿನಗಳಿಗೆ ಆದೀತು. ಮಡಿಯ ಮೇಲೆ ಹಸು ತಿಂದುಬಿಟ್ಟ ಒಣ ಹುಲ್ಲನ್ನು ಎರಡು ಅಂಗುಲ ಹರಡಿದರೆ ತೇವ ಆರುವುದಿಲ್ಲ, ಧೂಳೂ ಏಳುವುದಿಲ್ಲ.

9. ಹಸುವಿನ ಪಾಲು, ಹಸುವಿಗೆ ಎಚ್ಚರ

ಮಡಿಯ ಮೊದಲ ಪಾಲು ನಿಮ್ಮದಾದರೂ ಹಸುವಿಗೂ ಒಂದು ಪಾಲಿದೆ. ಬಲಿತ ದಂಟು, ಅಲಸಂದೆ ಬಳ್ಳಿ, ನುಗ್ಗೆ ಎಲೆ, ಕತ್ತರಿಸಿದ ಬಾಳೆ ಎಲೆಯನ್ನು ಒಣ ಹುಲ್ಲಿನೊಂದಿಗೆ ಬೆರೆಸಿ ಸ್ವಲ್ಪ ಸ್ವಲ್ಪ ಕೊಡಿ.

ಕಲ್ಲು ಎತ್ತದೆ ಬಿಟ್ಟ ನೆರಳಿನ ಜಾಗ ಅಜೋಲಾ ತೊಟ್ಟಿಗೆ ಹೇಳಿ ಮಾಡಿಸಿದ್ದು. ಆರು ಅಡಿಗೆ ಆರು ಅಡಿ ಇಟ್ಟಿಗೆ ಜೋಡಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣು, ಎರಡು ಕೆ.ಜಿ. ಸಗಣಿಯ ಬಗ್ಗಡ ಹಾಕಿ, ನಾಲ್ಕು ಅಂಗುಲ ನೀರು ನಿಲ್ಲಿಸಿ ಅಜೋಲಾ ಬಿಟ್ಟರೆ ಹದಿನೈದು ದಿನದಲ್ಲಿ ತುಂಬಿಕೊಳ್ಳುತ್ತದೆ. ದಿನಕ್ಕೆ ಸುಮಾರು ಅರ್ಧ ಕೆ.ಜಿ. ತೆಗೆದು, ಸಗಣಿ ವಾಸನೆ ಹೋಗುವಂತೆ ತೊಳೆದು, ಬೂಸದೊಂದಿಗೆ ಬೆರೆಸಿ ಕೊಡಿ.

ಎರಡು ಎಚ್ಚರಿಕೆಗಳು:

ಒಂದು, ಹಳೆ ಕೊಟ್ಟಿಗೆಯ ನೆಲದಲ್ಲಿ ಮೊದಲ ವರ್ಷ ಸೊಂಪಾಗಿ ಬೆಳೆದ ಕಾಡು ದಂಟು, ಹುಲ್ಲನ್ನು ಹಸಿದ ಹಸುವಿಗೆ ಒಮ್ಮೆಲೇ ಹಾಕಬೇಡಿ. ಅದರಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಹಸು ಏದುಸಿರು ಬಿಡುತ್ತದೆ, ತೂರಾಡುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಮೇವನ್ನು ಕೂಡಲೇ ತೆಗೆದು, ಹಸುವನ್ನು ಓಡಾಡಿಸದೆ ಪಶುವೈದ್ಯರನ್ನು ಕರೆಯಿರಿ.

ಎರಡು, ಪೂಜೆಯ ಹೂವಿಗೆಂದು ಕಣಗಿಲೆ ನೆಡುವ ಆಸೆ ಇದ್ದರೆ ಹಸು ಇರುವ ಮನೆಯ ಹಿತ್ತಲಲ್ಲಿ ಬೇಡ. ಅದರ ಎಲೆ ಸ್ವಲ್ಪವೇ ಹೊಟ್ಟೆಗೆ ಹೋದರೂ ದನ ಸಾಯುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಈಗಾಗಲೇ ಗಿಡ ಇದ್ದರೆ, ಸವರಿದ ಕೊಂಬೆಯನ್ನು ಮೇವಿನ ಹತ್ತಿರ ಹಾಕಬೇಡಿ. ಹೂವಿಗೆ ದಾಸವಾಳ, ಕನಕಾಂಬರ, ಚೆಂಡುಹೂವು ಇವೆ.

10. ತಟ್ಟೆಗೆ ಬಂದ ಮೇಲೆ

ಸೊಪ್ಪು ಬೆಳೆದರೆ ಮುಗಿಯಲಿಲ್ಲ. ಅದರ ಕಬ್ಬಿಣಾಂಶ ಮೈಗೆ ಹತ್ತಬೇಕು. ಸೊಪ್ಪಿನ ಸಾರಿಗೆ ಕೊನೆಯಲ್ಲಿ ನಿಂಬೆರಸ ಹಿಂಡಿ, ಅದು ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಊಟವಾದ ತಕ್ಷಣ ಟೀ ಕುಡಿಯುವುದು ಅದನ್ನು ತಡೆಯುತ್ತದೆ. ಟೀಗೂ ಊಟಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಬಸ್ಸಾರಿಗೆ ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುವ ನಮ್ಮ ಪದ್ಧತಿ ಒಳ್ಳೆಯದು. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಾತ್ರ ಸೊಪ್ಪು ತಿನ್ನುತ್ತೇನೆ ಎಂದು ಬಿಡಬೇಡಿ. ಸೊಪ್ಪು ಮಾತ್ರೆಗೆ ಬದಲಿಯಲ್ಲ, ಜೊತೆ.

ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದರೆ ತಿನ್ನುವ ಅಭ್ಯಾಸ ನಮ್ಮದು. ಈ ಮಡಿಯ ಸೊಪ್ಪಿನ ಮಟ್ಟಿಗಾದರೂ ಮೊದಲು ನಿಮ್ಮ ಪಾಲು ತೆಗೆದಿಟ್ಟು ಆಮೇಲೆ ಬಡಿಸಿ.

ಬರೀ ಅಂಗಳಕ್ಕೆ ವರ್ಷದ ಕೆಲಸ

• ಏಪ್ರಿಲ್–ಮೇ: ಜಾಗ ಗುರುತು, ಕಲ್ಲು ಎತ್ತುವುದು, ಮೂರು ಪರೀಕ್ಷೆ.
• ಜೂನ್: ಮಣ್ಣು ಸಡಿಲಿಸಿ ಗೊಬ್ಬರ, ಸೆಣಬು ಅಥವಾ ಅಲಸಂದೆ. ನುಗ್ಗೆ ನೆಡುವುದು.
• ಜುಲೈ ಕೊನೆ: ಹಸಿರು ಗಿಡ ಕೊಚ್ಚಿ ಮಣ್ಣಿಗೆ.
• ಆಗಸ್ಟ್ ಮಧ್ಯ: ಮೊದಲ ಮಡಿಗೆ ದಂಟು. ಹದಿನೈದು ದಿನಕ್ಕೊಂದು ಮಡಿ.
• ಸೆಪ್ಟೆಂಬರ್–ಅಕ್ಟೋಬರ್: ಜೋರು ಮಳೆ, ಮಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು.
• ನವೆಂಬರ್–ಫೆಬ್ರವರಿ: ಮೆಂತ್ಯ, ಸಬ್ಬಸಿಗೆ, ಪಾಲಕ್.
• ಮಾರ್ಚ್: ಹೊನಗೊನೆ, ನುಗ್ಗೆ ಮಾತ್ರ. ಉಳಿದ ಮಡಿಗೆ ಒಣ ಹುಲ್ಲು ಮುಚ್ಚಿ ವಿಶ್ರಾಂತಿ.

ಸಂಘದ ಸಭೆಯಲ್ಲಿ ಚರ್ಚಿಸಿ

ಓದಲು ಬಾರದ ಸದಸ್ಯೆಯರಿಗೆ ಈ ಪಾಠವನ್ನು ಯಾರಾದರೂ ಓದಿ ಹೇಳಿ. ಆಮೇಲೆ ಈ ಪ್ರಶ್ನೆಗಳನ್ನು ಕೇಳಿ. ಉತ್ತರಗಳು ಪಾಠದಲ್ಲೇ ಇವೆ.

1. ಮೂರು ಮಡಿಯಲ್ಲಿ ಹುಲ್ಲು ಬೆಳೆಯುವುದಕ್ಕಿಂತ ಸೊಪ್ಪು ಬೆಳೆಯುವುದು ಯಾಕೆ ಮೇಲು?
2. ಮನೆ ಗೋಡೆಯ ಪಕ್ಕದ ಕಲ್ಲನ್ನು ಯಾಕೆ ಎತ್ತಬಾರದು?
3. ಹಳೆ ಕೊಟ್ಟಿಗೆಯ ನೆಲದಲ್ಲಿ ಮೊದಲ ವರ್ಷ ಯಾವ ಬೆಳೆ ಹಾಕಬೇಕು? ಯಾಕೆ?
4. ಕಲ್ಲಿನ ಕೆಳಗೆ ಬೂದು ಬಣ್ಣದ ನುಣುಪು ಪುಡಿ ಕಂಡರೆ ಏನು ಮಾಡಬೇಕು?
5. ಸೊಪ್ಪಿನ ಊಟದ ಜೊತೆ ಏನು ಸೇರಿಸಬೇಕು, ಏನನ್ನು ದೂರ ಇಡಬೇಕು?

ಮನೆಕೆಲಸ: ಮುಂದಿನ ಸಭೆಗೆ ಬರುವಷ್ಟರಲ್ಲಿ ನಿಮ್ಮ ಹಿತ್ತಲಿನ ಉದ್ದ ಅಗಲ ಅಳೆದು, ಬಿಸಿಲು ಬೀಳುವ ಐದು ಕಲ್ಲುಗಳಿಗೆ ಸುಣ್ಣದಿಂದ ಗುರುತು ಹಾಕಿ ಬನ್ನಿ. ನಿಮ್ಮಲ್ಲಿ ಹೊನಗೊನೆ ಕಡ್ಡಿ, ಚಕ್ಕೋತ ಬೀಜ ಇದ್ದರೆ ಒಂದು ಹಿಡಿ ತನ್ನಿ. ಇಲ್ಲದವರು ತೆಗೆದುಕೊಂಡು ಹೋಗಲಿ.